ಹಕ್ಕಿ ಮಾರುವ ಮೊದಲು 30 ದಿನ

ಹುಬ್ಬಳ್ಳಿ ಕಡೆಯಿಂದ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ್ದ ರಟ್ಟಿನ ಡಬ್ಬ ಅದು. ಒಳಗೆ 12 ಕಾಕಟೀಲ್, ಜುಟ್ಟು ಇರುವ ಸಣ್ಣ ಗಿಳಿಗಳು. ಅರಬೈಲ್ ಘಟ್ಟ ಇಳಿದು ಕಾರವಾರ ಮುಟ್ಟುವ ಹೊತ್ತಿಗೆ ಎರಡು ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಮೂಲೆ ಹಿಡಿದಿದ್ದವು. ಪ್ರಯಾಣದ ಸುಸ್ತು ಅಂದುಕೊಂಡೆ. ಗಿರಾಕಿಗಳು ಕಾಯುತ್ತಿದ್ದರು. ಸೀದಾ ನನ್ನ ಹಳೇ ಹಕ್ಕಿಗಳ ಜೊತೆಗೇ ಬಿಟ್ಟುಬಿಟ್ಟೆ.

ಹದಿನೈದು ದಿನದಲ್ಲಿ ಏಳು ಸತ್ತವು. ಕಡುಹಸಿರು ಹಿಕ್ಕೆ, ಕಣ್ಣಲ್ಲಿ ನೀರು. ಆಮೇಲೆ ನನಗೇ ಜ್ವರ, ತಲೆ ಸಿಡಿತ, ಒಣ ಕೆಮ್ಮು. ಒಬ್ಬ ಡಾಕ್ಟರು ಮಾತ್ರೆ ಕೊಟ್ಟು ಕಳಿಸಿದರು. ಎರಡನೆಯವರು ಕೇಳಿದ್ದು ಒಂದೇ ಮಾತು: "ಮನೆಯಲ್ಲಿ ಹಕ್ಕಿ ಸಾಕಿದ್ದೀರಾ?"

ಸಿಟ್ಟಾಕೋಸಿಸ್, ಅಂದರೆ ಗಿಳಿಜ್ವರ. ಒಣಗಿದ ಹಿಕ್ಕೆಯ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಸಾಕು. ನಾನೋ, ದಿನಾ ಬೆಳಿಗ್ಗೆ ಪೊರಕೆ ತಗೊಂಡು ಪಂಜರದ ಕೆಳಗೆ ಒಣಕಸ ಗುಡಿಸುತ್ತಿದ್ದೆ! ಚೆನ್ನಾಗಿ ಕಾಣುವ ಹಕ್ಕಿಯಲ್ಲೂ ಈ ರೋಗಾಣು ಸುಮ್ನೆ ಅಡಗಿರುತ್ತದೆ. ಬಸ್ಸಿನ ಕುಲುಕಾಟ, ಹಸಿವು, ಭಯ ಸೇರಿದಾಗ ಹೊರಗೆ ಬೀಳತೊಡಗುತ್ತದೆ.

ಉಳಿದ ಹಕ್ಕಿಗಳಿಗೆ 45 ದಿನ ಡಾಕ್ಸಿಸೈಕ್ಲಿನ್. ಪಶುವೈದ್ಯರು ಪಂಜರ ನೋಡಿದವರೇ ಸಮುದ್ರನೊರೆ, ಅಂದರೆ ಕಟಲ್‌ಫಿಶ್‌ನ ಒಳಚಿಪ್ಪು, ತೆಗೆಸಿದರು. ಕಾರವಾರದ ಬೀಚಿನಲ್ಲಿ ಬಿದ್ದಿರುವ ಆ ಬಿಳಿ ಚಿಪ್ಪನ್ನು ನಾನೇ ಆರಿಸಿ, ಕುದಿಸಿ, ಒಣಗಿಸಿ ಸಿಗಿಸಿದ್ದೆ. ಅದರ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲವಂತೆ. ಹಕ್ಕಿಗೆ ಒಳ್ಳೆಯದು ಅಂತ ಹೆಮ್ಮೆಯಿಂದ ಇಟ್ಟಿದ್ದೇ ಅಡ್ಡಿ.

ಇದಾದ ಮೇಲೆ ಕಾರವಾರ, ಅಂಕೋಲಾ, ಕುಮಟಾ, ಶಿರಸಿಯ ಹಕ್ಕಿ ಮಾರುವ ಆರು ಜನ ಸೇರಿ, ಮಾರುವ ಹಕ್ಕಿಯ ಜೊತೆ ಕೊಡಲು ನಮ್ಮದೇ ಒಂದು ಆರೋಗ್ಯದ ಕಾರ್ಡು ಮಾಡಿಕೊಂಡೆವು. ಯಾರೂ ಒತ್ತಾಯ ಮಾಡಿದ್ದಲ್ಲ. ಕನ್ಯೂರ್, ಮಕಾವ್ ಥರದ ಗಿಳಿಗೆ 2024ರ ನಿಯಮದಂತೆ ಸರ್ಕಾರದ ಪರಿವೇಶ್ ವೆಬ್‌ಸೈಟಿನಲ್ಲಿ ನೋಂದಣಿ ಬೇಕು. ಕಾಕಟೀಲ್, ಬಡ್ಜಿಗೆ ಅದೂ ಬೇಡ. ಆ ನೋಂದಣಿಯಿಂದ ಹಕ್ಕಿ ಯಾರ ಹತ್ತಿರ ಇದೆ ಅಂತ ಗೊತ್ತಾಗುತ್ತದೆ. ರೋಗ ಇದೆಯೋ ಇಲ್ಲವೋ ಅನ್ನೋದು ಬೇರೆ ಲೆಕ್ಕ.

ಕಾರ್ಡಿನಲ್ಲಿ ಕಾಲುಂಗುರದ ನಂಬರು, ಬಂದ ತಾರೀಖು, ಯಾವ ಪರೀಕ್ಷೆ ಯಾವತ್ತು ಆಯಿತು, ಯಾವುದು ಮಾಡಿಸಿಲ್ಲ, ಇಷ್ಟೇ. ಒಬ್ಬರು "ರೋಗಮುಕ್ತ" ಅಂತ ದೊಡ್ಡದಾಗಿ ಹಾಕೋಣ ಅಂದರು. ಅದಕ್ಕೇ ಎರಡು ಸಂಜೆ ಜಗಳ. ರೋಗಾಣು ದಿನಾ ಹೊರಬರುವುದಿಲ್ಲ. ಇವತ್ತು ಇಲ್ಲ ಅಂದದ್ದು ಮುಂದಿನ ವಾರ ಇದೆ ಅನ್ನಬಹುದು. ಕೊನೆಗೆ "ಈ ದಿನ ಪರೀಕ್ಷಿಸಿದಾಗ ಕಂಡುಬಂದಿಲ್ಲ" ಅಂತ ಬರೆಸಿದೆವು. ಮಾರಾಟಕ್ಕೆ ಚೆಂದದ ಮಾತಲ್ಲ ಬಿಡಿ.

ಗಿಳಿಜ್ವರಕ್ಕೆ ಗಂಟಲಿಂದ, ಹಿಂದಿನಿಂದ ಸ್ವಾಬ್ ತೆಗೆಯಬೇಕು. ಕೊಕ್ಕು ಮತ್ತು ಪುಕ್ಕ ಕೆಡಿಸುವ ಸರ್ಕೋವೈರಸ್‌ಗೆ ಎದೆಯ ನಾಲ್ಕು ಪುಕ್ಕ. ಕೆಳಗೆ ಬಿದ್ದದ್ದು ನಡೆಯದು, ಕಿತ್ತದ್ದೇ ಆಗಬೇಕು, ಬುಡ ಮುಟ್ಟಬಾರದು. ಕಾಗದದ ಲಕೋಟೆಗೆ ಹಾಕಿ ಲ್ಯಾಬಿಗೆ ಕೊರಿಯರ್ ಮಾಡುತ್ತೇವೆ.

ಇದೆಲ್ಲ ಸುಲಭ. ಕಷ್ಟ ಇರುವುದು ಮಾರುವ ಮೊದಲು ಕಾಯುವ 30 ದಿನದಲ್ಲಿ. ಹೊಸ ಹಕ್ಕಿ ಹಿಂದಿನ ಕೋಣೆಯಲ್ಲಿ ಬೇರೆ ಇರಬೇಕು. ಬೇರೆ ಬಕೆಟ್, ಬೇರೆ ಚಪ್ಪಲಿ. ಕಾಳು ಹಾಕುವುದು ಹಳೇ ಹಕ್ಕಿಗಳಿಗೆ ಮೊದಲು, ಹೊಸವಕ್ಕೆ ಕೊನೆಗೆ. ಈಗ ಮಾಸ್ಕ್ ಹಾಕಿ, ನೆಲ ಒದ್ದೆ ಮಾಡಿಕೊಂಡೇ ಒರೆಸುತ್ತೇನೆ. ಕಾಳಿನ ಖರ್ಚು ಓಡುತ್ತಿರುತ್ತದೆ, ದುಡ್ಡು ಬರುವುದಿಲ್ಲ.

ಮೊದಲು ತಪ್ಪಿದವನೂ ನಾನೇ. ಡಿಸೆಂಬರ್ ಕೊನೆ, ಪೇಟೆ ತುಂಬ ಜನ. ಒಂದು ಜೋಡಿಯನ್ನು 21ನೇ ದಿನಕ್ಕೇ ಮಾರಿದೆ, ಬಂದ ತಾರೀಖನ್ನು ಹಿಂದಕ್ಕೆ ಹಾಕಿದೆ. ಹಕ್ಕಿಗೆ ಏನೂ ಆಗಲಿಲ್ಲ. ಆದರೆ ಶಿರಸಿಯ ಗೆಳೆಯ ಬಸ್ಸಿನ ರಸೀದಿ ನೋಡಿಬಿಟ್ಟ. ಮೂರು ತಿಂಗಳು ನನ್ನ ಕಾರ್ಡು ಪುಸ್ತಕ ಅವನ ಕಪಾಟಿನಲ್ಲಿತ್ತು. ಅಂದಿನಿಂದ ಡಬ್ಬ ಬಂದ ಕೂಡಲೇ ಅವತ್ತಿನ ಪೇಪರ್ ಪಕ್ಕ ಇಟ್ಟು ಫೋಟೋ ತೆಗೆದು ಆರೂ ಜನರಿಗೆ ಕಳಿಸಬೇಕು.

ಕಾರ್ಡಿನ ಹಕ್ಕಿಗೆ 300 ರೂಪಾಯಿ ಜಾಸ್ತಿ. ಕೆಲವರು ಚೌಕಾಸಿ ಮಾಡಿ ಗೋವಾಕ್ಕೆ ಹೋಗುತ್ತಾರೆ, ಇಲ್ಲಿಂದ ಹತ್ತಿರವೇ ಅಲ್ವಾ! ಶಿರಸಿ, ಸಿದ್ದಾಪುರದ ಗಿರಾಕಿಗಳಿಗೆ ಜಾಸ್ತಿ ಹೇಳಬೇಕಿಲ್ಲ. ಮಂಗನ ಕಾಯಿಲೆ, ಉಣುಗು ಎಲ್ಲ ಕಂಡವರು. ಪ್ರಾಣಿಯಿಂದ ಮನುಷ್ಯನಿಗೆ ರೋಗ ಬರುತ್ತದಾ ಅಂತ ಅವರು ಕೇಳುವುದಿಲ್ಲ, ನೇರ ಕಾರ್ಡು ತಿರುವಿ "ಯಾವುದು ಮಾಡಿಸಿಲ್ಲ" ಅನ್ನುವ ಸಾಲು ಓದುತ್ತಾರೆ.

ಹಿಂದಿನ ಕೋಣೆಯಲ್ಲಿ ಈಗ ಎರಡು ಲವ್‌ಬರ್ಡ್ ಇವೆ. ಇವತ್ತಿಗೆ 11ನೇ ದಿನ. ಬೇಕು ಅಂದವರು ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ದಾರೆ.