ಏರ್ ಪಿಸ್ತೂಲ್ ಕಲಿಯೋಕೆ ಹೊರಟವರಿಗೆ, ಖರೀದಿಗೆ ಮುಂಚೆ

ಮನೆಯಲ್ಲೇ ಮದ್ದು, ಗುಂಡು ತುಂಬಿ ಪಿಸ್ತೂಲಿನ ತೋಟೆ (ಕಾಡತೂಸು) ಮಾಡುವ ಸಾಮಾನು ಯಾವುದು ಒಳ್ಳೇದು ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ ಮಾರಾಯ್ರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ಗುರಿ ಅಭ್ಯಾಸವೇ ಆಸೆಯಾದರೆ 10 ಮೀಟರ್ ಏರ್ ಪಿಸ್ತೂಲ್ ಇದೆಯಲ್ಲ, ಗಾಳಿಯ ಒತ್ತಡದಿಂದ ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಆಟ.

ಮೊದಲು ಶೂಟಿಂಗ್ ರೇಂಜಿನಲ್ಲಿ (ಗುರಿ ಅಭ್ಯಾಸದ ಜಾಗದಲ್ಲಿ) ಅಲ್ಲಿಯದೇ ಪಿಸ್ತೂಲ್ ಹಿಡಿದು ಒಂದೆರಡು ತಿಂಗಳು ಕಲಿಯಿರಿ. ಆಮೇಲೆ ಕೊಳ್ಳಿ. ನೋಡಬೇಕಾದ್ದು ಬ್ರ್ಯಾಂಡ್ ಅಲ್ಲ, ಪಿಸ್ತೂಲಿನ ಹಿಡಿ (ಗ್ರಿಪ್). ಈ ಆಟದಲ್ಲಿ ಒಂದೇ ಕೈ. ಹಿಡಿ ಅಂಗೈಗೆ ಸರಿಯಾಗಿ ಕೂರದಿದ್ದರೆ ಎಷ್ಟು ದುಬಾರಿ ಪಿಸ್ತೂಲ್ ಆದರೂ ಗುರಿ ಅಲುಗುತ್ತದೆ. ಸ್ಪರ್ಧೆಯ ಆಸೆ ಇದ್ದರೆ ತೂಕ 1500 ಗ್ರಾಂ ಮೀರಬಾರದು, ಟ್ರಿಗರ್ ಎಳೆತ, ಅಂದರೆ ಕುದುರೆ ಎಳೆಯಲು ಬೇಕಾದ ಬಲ, 500 ಗ್ರಾಂಗಿಂತ ಕಡಿಮೆ ಇರಬಾರದು.

ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) 4.5 ಮಿಲಿಮೀಟರಿನದು, ಚಪ್ಪಟೆ ಮೂತಿಯದ್ದೇ ತಗೊಳ್ಳಿ. ಅದು ಕಾಗದದಲ್ಲಿ ದುಂಡಗೆ, ಚೊಕ್ಕವಾಗಿ ತೂತು ಮಾಡುತ್ತದೆ. ಅಂಕ ಎಣಿಸೋದು ಸುಲಭ. ಅದು ಸೀಸ, ಹಾಗಾಗಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಏನೂ ತಿನ್ನಬೇಡಿ. ಮಕ್ಕಳಿಗಂತೂ ಇದನ್ನು ಮರೆಯದೆ ಹೇಳಿ. ಕಣ್ಣಿಗೆ ರಕ್ಷಣೆಯ ಕನ್ನಡಕವೂ ಇರಲಿ.

ನಮ್ಮ ಮಂಗಳೂರಿನ ಮಳೆಗಾಲ ಗೊತ್ತಲ್ವಾ, ಬೀರುವಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಪಿಸ್ತೂಲಿನ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಹೊರಗಿನ ಲೋಹವನ್ನು ತೆಳು ಎಣ್ಣೆಬಟ್ಟೆಯಲ್ಲಿ ಒರೆಸಿ. ಗಾಳಿ ತುಂಬುವ ಸಿಲಿಂಡರ್ ಕಡೆ ಮಾತ್ರ ಎಣ್ಣೆ ಹೋಗಲೇಬಾರದು. ಒತ್ತಡದ ಗಾಳಿಗೆ ಎಣ್ಣೆ ಸೇರಿದರೆ ಹೊತ್ತಿಕೊಳ್ಳುವ ಅಪಾಯ ಇದೆ.