ಹೊನ್ನಾಳಿಯ ಒತ್ತು ಎಲ್ಲಿ ಹೋಯ್ತು?

ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಬಿಲ್ ಬುಕ್ಕು ಮಾಡಿಕೊಡುತ್ತೇವೆ. ಕಂಪ್ಯೂಟರ್ ಎರಡೂ ಲಿನಕ್ಸ್. ಒಮ್ಮೆ ಮದುವೆ ಸೀಸನ್ನಿನಲ್ಲಿ ಹೊನ್ನಾಳಿ ಕಡೆಯವರೊಬ್ಬರು ಪರದೆ ಮೇಲೆ ಪ್ರೂಫ್ ನೋಡಿ, "ಏನ್ರೀ ಇದು, ನಮ್ಮೂರಿನ ಒತ್ತೇ ಇಲ್ಲಲ್ರೀ?" ಅಂದರು. ಹೌದು, 'ನ್ನಾ' ಕೆಳಗಿನ ಒತ್ತು ಬರೀ ಗೆರೆಯಾಗಿತ್ತು. ತಲೆಕಟ್ಟು ಒಂದು ಅಕ್ಷರಕ್ಕೆ ದಪ್ಪ, ಪಕ್ಕದ್ದಕ್ಕೆ ಮಾಯ. ಪ್ರಿಂಟ್ ತೆಗೆದರೆ ಎಲ್ಲ ಸರಿ.

ಕನ್ನಡದಲ್ಲಿ ಒತ್ತು ಕೆಟ್ಟರೆ ಮೊದಲ ಅನುಮಾನ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಮೇಲೆ. ನಾನೂ ಅಲ್ಲೇ ಒಂದು ದಿನ ಕಳೆದೆ. ಗ್ರಾಫಿಕ್ಸ್ ಡ್ರೈವರ್ ಬದಲಿಸಿದ್ದು ಬೇರೆ. ಪುಟವನ್ನು ಶೇ. 300ಕ್ಕೆ ಹಿಗ್ಗಿಸಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಜೋಡಣೆ ತಪ್ಪಿದ್ದರೆ ಎಷ್ಟು ಹಿಗ್ಗಿಸಿದರೂ ತಪ್ಪೇ; ಇಲ್ಲಿ ಹಿಗ್ಗಿಸಿದ ಕೂಡಲೇ ಒತ್ತು ನೆಟ್ಟಗಾಯಿತು. ಹಾಗಾದರೆ ಹಿಂಟಿಂಗ್‌ನದೇ, ಅಂದರೆ ಅಕ್ಷರದ ಗೆರೆಗಳನ್ನು ಪಿಕ್ಸೆಲ್ಲಿಗೆ ಹೊಂದಿಸುವುದರದೇ, ಕಿತಾಪತಿ.

ಆ ಪತ್ರಿಕೆಗೆ ಬಳಸಿದ್ದ ಕನ್ನಡ ಫಾಂಟಿನ ಅಕ್ಷರ ಬರೆದಿರುವುದು 2048 ಯೂನಿಟ್ ಅಳತೆಯ ಚೌಕದಲ್ಲಿ. 96 ಡಿಪಿಐ (ಇಂಚಿಗೆ 96 ಚುಕ್ಕಿ) ಪರದೆಯಲ್ಲಿ 10 ಪಾಯಿಂಟ್ ಅಂದರೆ ಸುಮಾರು 13 ಪಿಕ್ಸೆಲ್, ಪಿಕ್ಸೆಲ್ಲಿಗೆ 150ಕ್ಕೂ ಹೆಚ್ಚು ಯೂನಿಟ್. ತಲೆಕಟ್ಟಿಗೆ ಅಷ್ಟು ದಪ್ಪವೇ ಇಲ್ಲ. ಯಾವ ಗೆರೆ ಯಾವ ಪಿಕ್ಸೆಲ್ ಸಾಲಿನಲ್ಲಿ ಕೂರಬೇಕು ಅಂತ ಫಾಂಟಿನೊಳಗೆ ಬರೆದಿಟ್ಟ ಸೂಚನೆಗಳೇ ಹಿಂಟ್. 600 ಡಿಪಿಐ ಪ್ರಿಂಟರಿನಲ್ಲಿ ಅದೇ ಅಕ್ಷರಕ್ಕೆ 83 ಪಿಕ್ಸೆಲ್ ಸಿಗುತ್ತವೆ, ಸೂಚನೆ ತಪ್ಪಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಫಾಂಟ್ ತಿದ್ದುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್‌ನಲ್ಲಿ ಬಿಚ್ಚಿ ನೋಡಿದೆ. ಅಳತೆಗಳ ಪಟ್ಟಿಯಲ್ಲಿ ಇದ್ದದ್ದೆಲ್ಲ ಇಂಗ್ಲಿಷ್ ಅಕ್ಷರಗಳ ಎತ್ತರ, ದಪ್ಪ. ಯಾರೋ ಇಂಗ್ಲಿಷ್ ಫಾಂಟಿನ ಹೊಟ್ಟೆಗೆ ಕನ್ನಡ ತುಂಬಿ ಕೈತೊಳೆದುಕೊಂಡಿದ್ದರು. ನಮ್ಮ ಒತ್ತು ಆ ಅಳತೆಗೆ ಎಳೆದಾಡಿ ಚಪ್ಪಟೆಯಾಗುತ್ತಿತ್ತು.

ಮೊದಲು ಎಲ್ಲ ಫಾಂಟಿಗೂ ಹಿಂಟಿಂಗ್ ತೆಗೆದುಬಿಟ್ಟೆ. ಮೆನುವಿನ ಇಂಗ್ಲಿಷ್ ಮಸುಕಾಯಿತು. "ಅಣ್ಣಾ, ಕಣ್ಣು ಉರಿತಾವು" ಅಂದ ಟೈಪ್ ಮಾಡುವ ಹುಡುಗ. ಆಮೇಲೆ ಲಿನಕ್ಸ್‌ನಲ್ಲಿ ಫಾಂಟುಗಳ ವ್ಯವಸ್ಥೆ ನೋಡಿಕೊಳ್ಳುವ ಫಾಂಟ್‌ಕಾನ್ಫಿಗ್‌ನ ಸೆಟ್ಟಿಂಗ್ ಫೈಲಿನಲ್ಲಿ ಆ ಒಂದು ಫಾಂಟಿಗೆ ಮಾತ್ರ ಆಟೋಹಿಂಟ್ ಹಾಕಿದೆ. ಆಗ ಅಕ್ಷರವನ್ನು ಪಿಕ್ಸೆಲ್ ಆಗಿಸುವ ಫ್ರೀಟೈಪ್ ಎಂಬ ಸಾಫ್ಟ್‌ವೇರ್, ಫಾಂಟಿನೊಳಗಿನ ಸೂಚನೆ ಬಿಟ್ಟು ಅಕ್ಷರದ ಆಕಾರ ನೋಡಿ ತಾನೇ ಲೆಕ್ಕ ಹಾಕುತ್ತದೆ. ಮೊದಲ ಸಲ ಏನೂ ಬದಲಾಗಲಿಲ್ಲ. ನಾನು ಕೊಟ್ಟಿದ್ದು ಫಾಂಟ್ ಫೈಲಿನ ಹೆಸರು. ಬೇಕಿದ್ದದ್ದು ಎಫ್‌ಸಿ-ಲಿಸ್ಟ್ ಎಂಬ ಕಮಾಂಡ್ ತೋರಿಸುವ ಫ್ಯಾಮಿಲಿ ಹೆಸರು. ಅದನ್ನು ತಿದ್ದಿ, ಪ್ರೋಗ್ರಾಂ ಮುಚ್ಚಿ ತೆರೆದಾಗ ಒತ್ತು ಎದ್ದು ನಿಂತಿತು.

ಒಂದು ಸಾಫ್ಟ್‌ವೇರ್ ಮಾತ್ರ ಈ ಸೆಟ್ಟಿಂಗಿಗೆ ಸೊಪ್ಪು ಹಾಕಲಿಲ್ಲ. ಅದಕ್ಕಾಗಿ ಫಾಂಟಿನ ಒಂದು ಪ್ರತಿ ಮಾಡಿ ಅದರಿಂದ ಹಿಂಟುಗಳನ್ನೇ ಕಿತ್ತುಹಾಕಿದೆ. ಲೈಸೆನ್ಸ್ ಓಎಫ್‌ಎಲ್ (ಓಪನ್ ಫಾಂಟ್ ಲೈಸೆನ್ಸ್) ಆದ್ದರಿಂದ ತಿದ್ದಲು ಅಡ್ಡಿಯಿರಲಿಲ್ಲ. ಆದರೆ ಮೂಲ ಹೆಸರನ್ನು ಫಾಂಟ್ ಮಾಡಿದವರು ಕಾಯ್ದಿರಿಸಿದ್ದರಿಂದ ನನ್ನ ಪ್ರತಿಗೆ ಬೇರೆ ಹೆಸರಿಟ್ಟೆ. ಹಳೆಯ ಲಗ್ನಪತ್ರಿಕೆ ಫೈಲುಗಳು ಈಗಲೂ ಹಳೆಯ ಹೆಸರನ್ನೇ ಕೇಳುತ್ತವೆ, ಹಾಗಾಗಿ ಎರಡು ಫಾಂಟನ್ನೂ ಇಟ್ಟುಕೊಂಡಿದ್ದೇನೆ.