ಬೀದರ್ ಕೋಟೆ: ಮಕ್ಕಳು, ಹಿರಿಯರ ಜೊತೆ ನಾವು ನೋಡುವ ಬಗೆ

ಗುಂಬದ್ ದರ್ವಾಜಾ ದಾಟಿದವರು ಹೆಚ್ಚಾಗಿ ಹತ್ತಿರವೇ ಇರುವ ರಂಗೀನ್ ಮಹಲಿಗೆ ಮೊದಲು ನುಗ್ಗುತ್ತಾರೆ. ನಾವು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ. ಅದಕ್ಕೆ ಸೂರಿದೆ, ನೆರಳಿದೆ. ಒಳಗಿರುವ ತಖ್ತ್ ಮಹಲಿಗೆ ಎರಡೂ ಇಲ್ಲ. ಬಿಸಿಲೇರುವ ಮುಂಚೆ ಬಯಲಿನದ್ದು, ಏರಿದ ಮೇಲೆ ಸೂರಿನದ್ದು. ಮುತ್ಯಾ, ಆಯಿ ಜೊತೆಗಿದ್ದರಂತೂ ಈ ಕ್ರಮ ತಪ್ಪಿಸುವ ಹಾಗಿಲ್ಲ.

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮೇಲೆ ಹೋಗುವುದಾದರೆ ನಸುಕಿನಲ್ಲೇ ಹೊರಡಬೇಕು. ತಲೆಗೆ ಎರಡು ಲೀಟರ್ ನೀರು, ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಮೊಸರನ್ನ ಬೇಡ, ಬಿಸಿಲಿಗೆ ಹುಳಿಯಾಗುತ್ತದೆ. ನೀರು ಒಂದೇ ದೊಡ್ಡ ಕ್ಯಾನಿನಲ್ಲಿ ಇದ್ದರೆ ಹೊತ್ತವರು ಹಿಂದುಳಿಯುತ್ತಾರೆ, ಬಾಯಾರಿದವರು ಮುಂದಿರುತ್ತಾರೆ. ಹಾಗಾಗಿ ಒಬ್ಬೊಬ್ಬರ ಕೈಗೆ ಒಂದೊಂದು ಬಾಟಲಿ. ಚಪ್ಪಲಿ ಬಿಟ್ಟು ಬೂಟು ಹಾಕಿಸಿ. ಇಲ್ಲಿನ ನೆಲ ಜಂಬಿಟ್ಟಿಗೆಯದು. ಅದರ ಮೇಲಿನ ಗುಂಡು ಹರಳು ಇಳಿಜಾರಿನಲ್ಲಿ ಕಾಲಡಿಯಿಂದ ಉರುಳುತ್ತದೆ, ಮಳೆಗಾಲದಲ್ಲಿ ಪಾಚಿಯೂ ಸೇರುತ್ತದೆ.

ಒಳಗೆ ಹೋಗುವ ಮುಂಚೆ ಕಂದಕದ ಹತ್ತಿರ ಹತ್ತು ನಿಮಿಷ ನಿಲ್ಲಿ. ಕೋಟೆಯ ಒಂದು ಮಗ್ಗುಲಿಗೆ ಕಂದಕ ಮೂರು ಸಾಲು. ನಡುವೆ ಬಂಡೆಯನ್ನೇ ಗೋಡೆಯಂತೆ ಉಳಿಸಿ ಕಡಿದಿದ್ದಾರೆ. ಜಂಬಿಟ್ಟಿಗೆ ನೆಲದಲ್ಲಿದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಇಷ್ಟು ಆಳಕ್ಕೆ ಕಡಿಯಲು ಸಾಧ್ಯವಾದದ್ದೇ ಆ ಗುಣದಿಂದ. ಇದನ್ನು ಮಕ್ಕಳಿಗೆ ಇಲ್ಲೇ ಹೇಳಿದರೆ ಮುಂದೆ ಕೆಂಪು ಕಲ್ಲು ಎಲ್ಲಿ, ಕರಿಕಲ್ಲು ಎಲ್ಲಿ ಎಂದು ಅವರೇ ಗುರುತಿಸತೊಡಗುತ್ತಾರೆ.

ಮೊದಲ ನಿಲುಗಡೆ ಸೋಲಾ ಖಂಬಾ ಮಸೀದಿ. ಅದರ ಮುಖ ಪೂರ್ವಕ್ಕಿರುವುದರಿಂದ ಕಮಾನುಗಳ ಸಾಲಿನ ಮೇಲೆ ಬೆಳಕು ನೇರವಾಗಿ ಬೀಳುವುದು ಮುಂಜಾನೆ ಮಾತ್ರ, ಫೋಟೊಗೂ ಅದೇ ಹೊತ್ತು. ಉದ್ದ ಸುಮಾರು 90 ಮೀಟರ್. ಇಲ್ಲಿ ಸಿಕ್ಕ ಶಾಸನ 1423-24ರದು. ಅಹಮದ್ ಶಾಹ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಪೂರ್ತಿ ಇಲ್ಲಿಗೆ ತಂದು ಕೋಟೆ ಕಟ್ಟಿ ಮುಗಿಸುವ ಮುಂಚಿನ ಕಟ್ಟಡ ಇದು.

ದಿವಾನ್-ಇ-ಆಮ್ ಎಂಬ ಸಭಾಂಗಣ ಮತ್ತು ತಖ್ತ್ ಮಹಲಿನಲ್ಲಿ ಮಂದಿ ತಲೆಯೆತ್ತಿ ನೋಡಿ, ಏನೂ ಉಳಿದಿಲ್ಲ ಎಂದು ಹೊರಟುಬಿಡುತ್ತಾರೆ. ನೋಡಬೇಕಾದ್ದು ಕಾಲಡಿ. ಸಭಾಂಗಣದ ಕಂಬಗಳು ಕಟ್ಟಿಗೆಯವು, ಅವು ಹೋಗಿವೆ. ಅವುಗಳ ಕೆಳಗಿನ ಕಲ್ಲಿನ ಕೂರುಗಲ್ಲುಗಳು ಉಳಿದಿವೆ. ಮಕ್ಕಳನ್ನು ಒಂದೊಂದು ಕೂರುಗಲ್ಲಿನ ಪಕ್ಕ ನಿಲ್ಲಿಸಿದರೆ ಸಭಾಂಗಣದ ಅಂಕಣಗಳು ಕಣ್ಣಿಗೆ ಕಟ್ಟುತ್ತವೆ. ಬಳಿಕ ನೀರಿನ ಕಾಲುವೆ, ತೊಟ್ಟಿ, ಕಾರಂಜಿಯ ಜಾಗ ಹುಡುಕಲು ಬಿಡಿ. ಗೋಡೆಯಲ್ಲಿ ಸಾಲಾಗಿ ಚೌಕ ತೂತು ಕಂಡರೆ ಅಲ್ಲಿ ತೊಲೆ ಕೂತಿತ್ತು, ಅಂದರೆ ಅಲ್ಲೊಂದು ಮಹಡಿ ಇತ್ತು. ತಖ್ತ್ ಮಹಲಿನ ಕಮಾನಿನ ಮೂಲೆಯಲ್ಲಿ ಹುಲಿ ಮತ್ತು ಸೂರ್ಯನ ಹಂಚಿನ ಚಿತ್ರದ ಚೂರು ಉಳಿದಿದೆ. ಬರಿಗಣ್ಣಿಗೆ ಸಾಲದು, ಸಣ್ಣ ದುರ್ಬೀನು ಇದ್ದರೆ ಬಣ್ಣವೂ ಕಾಣುತ್ತದೆ.

ಗೋಡೆ ಹತ್ತುವುದಕ್ಕೆ ನಮ್ಮಲ್ಲಿ ಬಿಲ್ಕುಲ್ ಒಪ್ಪಿಗೆಯಿಲ್ಲ. ಕಲ್ಲಿನ ನಡುವಿನ ಗಾರೆ ಒಳಗೊಳಗೇ ಪುಡಿಯಾಗಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಹುಲ್ಲು ಬೆಳೆದ ಕಡೆ ನೆಲಮನೆಯ ಕುಸಿದ ಬಾಯಿ ಇರಬಹುದು, ಕೋಲಿನಿಂದ ತಟ್ಟದೆ ಕಾಲಿಡಬಾರದು. ಎತ್ತರದ ಕಮಾನಿನ ಕೆಳಗೆ ನಿಲ್ಲುವ ಮುಂಚೆ ಹೆಜ್ಜೇನು ಇದೆಯಾ ನೋಡಿ. ಇದ್ದರೆ ಕೂಗಾಟ ಬೇಡ, ಘಾಟು ಅತ್ತರೂ ಬೇಡ.

ಹನ್ನೊಂದರ ಹೊತ್ತಿಗೆ ಗಗನ್ ಮಹಲ್, ತರ್ಕಶ್ ಮಹಲ್ ಬದಿಯಿಂದ ತಿರುಗಿ ಬಂದು, ಹಳೆಯ ಶಾಹಿ ಹಮಾಮಿನಲ್ಲಿರುವ (ಅರಮನೆಯ ಸ್ನಾನಗೃಹ) ವಸ್ತುಸಂಗ್ರಹಾಲಯದಲ್ಲಿ ಕೂಡಬಹುದು. ರಂಗೀನ್ ಮಹಲಿಗೆ ಬೀಗ ಇದ್ದರೆ ಅಲ್ಲಿನ ಪುರಾತತ್ತ್ವ ಇಲಾಖೆಯ ಸಿಬ್ಬಂದಿಯನ್ನೇ ಕೇಳಬೇಕು. ಈ ಮಹಲಿಗೆ ಈಗಿನ ರೂಪ ಬಂದದ್ದು 16ನೇ ಶತಮಾನದಲ್ಲಿ, ಅಲಿ ಬರೀದ್ ಶಾಹನಿಂದ. ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು ಎದುರು ನಿಂತರೆ ಮಂಕು. ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಓರೆಯಾಗಿ ಹಿಡಿದರೆ ಗೆರೆಗೆರೆಯೂ ಹೊಳೆಯುತ್ತದೆ. ಕೆತ್ತನೆಯ ಕಟ್ಟಿಗೆ ಕಂಬಗಳೂ ಇಲ್ಲಿ ಉಳಿದಿವೆ. ದಿವಾನ್-ಇ-ಆಮಿನಲ್ಲಿ ಬರೀ ಕೂರುಗಲ್ಲು ಕಂಡವರಿಗೆ ಅದರ ಮೇಲೆ ಎಂಥದ್ದು ನಿಂತಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ಇದನ್ನು ಕೊನೆಗಿಡಲು ಅದೂ ಒಂದು ಕಾರಣ.

ಕೋಟೆಯ ಮಣ್ಣು ಬಿದ್ರಿ ಪಾತ್ರೆಗೆ ಕಪ್ಪು ಬಣ್ಣ ತರುತ್ತದೆಂದು ಕೆಲವರು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಎಲ್ಲ ಮಣ್ಣೂ ಬರುವುದಿಲ್ಲ. ಮಳೆ, ಬಿಸಿಲು ತಾಕದ ಹಳೆಯ ಜಾಗದ ಮಣ್ಣೇ ಬೇಕು. ಕಸಬುದಾರರು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ. ಬೇಕಿದ್ದರೆ ಊರೊಳಗಿನ ಚೌಬಾರಾ ಗೋಪುರದ ಸುತ್ತಿನ ಗಲ್ಲಿಗಳ ಕಾರ್ಖಾನೆಗೆ ಹೋಗಿ ನೋಡಿ.

ಊಟ ಮುಗಿಸಿ 1472ರ ಮಹಮೂದ್ ಗವಾನ್ ಮದರಸಾ ನೋಡಲು ಅರ್ಧ ತಾಸು ಸಾಕು. ಸಂಜೆಗೆ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು. ಅಹಮದ್ ಶಾಹನ ಗೋರಿಯ ಒಳಗಿನ ಬಣ್ಣದ ಚಿತ್ರಕ್ಕೆ ಟಾರ್ಚ್ ಬೆಳಕು ಒಂದೇ ಕಡೆ ಕುಕ್ಕುತ್ತದೆ. ಬಾಗಿಲಲ್ಲಿ ಬಿಳಿ ಹಾಳೆ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದರೆ ಬಣ್ಣ ಹದವಾಗಿ ಕಾಣುತ್ತದೆ. ಹೊತ್ತು ಮುಳುಗುವ ಮುಂಚೆ ತಲುಪಿದರೆ ಮಾತ್ರ ಇದು ಆದೀತು. ಪಕ್ಕದಲ್ಲಿ ಸಿಡಿಲಿಗೆ ಸೀಳಿದ ಹುಮಾಯೂನ್ ಶಾಹನ ಗುಮ್ಮಟವಿದೆ. ಗುಮ್ಮಟ ಎಷ್ಟು ದಪ್ಪ, ಗೋಡೆಯ ಮೇಲೆ ಹೇಗೆ ಕೂರುತ್ತದೆ ಎಂದು ಮಕ್ಕಳು ಕೇಳಿದರೆ ಅಲ್ಲಿ ತೋರಿಸಿ.